ಹಳೆಯ ವಸತಿ ಸಮುಚ್ಚಯಗಳ ಪುನರುಜ್ಜೀವನ ಮತ್ತು ವಾಸ್ತುವಿನ್ಯಾಸ ಸ್ಪರ್ಧೆ: ಲಂಡನ್‌ನಿಂದ ಪ್ಯಾರಿಸ್‌ವರೆಗೆ

ಪೀಠಿಕೆ

ಎರಡನೆಯ ಮಹಾಯುದ್ಧದ ನಂತರದ ಮೂರು ದಶಕಗಳಲ್ಲಿ ಯುರೋಪಿನ ನಗರಗಳು ದೊಡ್ಡ ಪ್ರಮಾಣದಲ್ಲಿ ಸಾರ್ವಜನಿಕ ವಸತಿ ಸಮುಚ್ಚಯಗಳನ್ನು ಕಟ್ಟಿಸಿದವು. ಬಾಂಬ್ ದಾಳಿಯಲ್ಲಿ ಮನೆ ಕಳೆದುಕೊಂಡವರು, ಗಾಳಿ ಬೆಳಕಿಲ್ಲದ ಕೊಳೆಗೇರಿಗಳಲ್ಲಿದ್ದವರು, ಹಳ್ಳಿಗಳಿಂದ ಹಾಗೂ ಹಿಂದಿನ ವಸಾಹತುಗಳಿಂದ ದುಡಿಮೆಗೆಂದು ಬಂದವರು ಈ ಕಟ್ಟಡಗಳ ಮೊದಲ ನಿವಾಸಿಗಳಾದರು. ಅಂದಿನ ದೃಷ್ಟಿಯಲ್ಲಿ ಇವು ಸಾಮಾಜಿಕ ನ್ಯಾಯದ ಕಣ್ಣಿಗೆ ಕಾಣುವ ರೂಪಗಳು. ಐವತ್ತು ಅರವತ್ತು ವರ್ಷಗಳು ಕಳೆಯುವಷ್ಟರಲ್ಲಿ ಇವುಗಳಲ್ಲಿ ಕೆಲವು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದವು, ಅನೇಕವು ನೆಲಸಮವಾದವು. ಉಳಿದವುಗಳ ಮುಂದೆ ಇಂದಿಗೂ ಒಂದೇ ಪ್ರಶ್ನೆ ನಿಂತಿದೆ: ಕೆಡವಬೇಕೆ, ದುರಸ್ತಿ ಮಾಡಬೇಕೆ, ಬೇರೆಯದೇ ಆದ ಜೀವ ತುಂಬಬೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಗರಾಡಳಿತಗಳು ಬಳಸುತ್ತ ಬಂದಿರುವ ಸಾಧನಗಳಲ್ಲಿ ವಾಸ್ತುವಿನ್ಯಾಸ ಸ್ಪರ್ಧೆಯೂ ಒಂದು. ಸ್ಪರ್ಧೆಯನ್ನು ಸಾಮಾನ್ಯವಾಗಿ ಉತ್ತಮ ನಕ್ಷೆಯನ್ನು ಆರಿಸುವ ವಿಧಾನವೆಂದಷ್ಟೇ ತಿಳಿಯಲಾಗುತ್ತದೆ. ಆದರೆ ಜನರು ಈಗಾಗಲೇ ವಾಸಿಸುತ್ತಿರುವ ಸಮುಚ್ಚಯದ ವಿಷಯದಲ್ಲಿ ನಿರ್ಣಾಯಕವಾಗುವುದು ಗೆದ್ದ ನಕ್ಷೆಗಿಂತ ಮೊದಲು ಕೇಳಲಾದ ಪ್ರಶ್ನೆ. ಸ್ಪರ್ಧೆಯನ್ನು ಏರ್ಪಡಿಸುವವರು ಏನನ್ನು ಚರ್ಚೆಗೆ ತೆರೆದಿಡುತ್ತಾರೆ, ಏನನ್ನು ಮೊದಲೇ ತೀರ್ಮಾನಿಸಿ ಮುಚ್ಚಿಬಿಡುತ್ತಾರೆ ಎಂಬುದರ ಮೇಲೆ ನಿವಾಸಿಗಳ ಭವಿಷ್ಯ ನಿಂತಿರುತ್ತದೆ. ಇಂಗ್ಲೆಂಡ್, ಫ್ರಾನ್ಸ್ ಮತ್ತು ನೆದರ್‌ಲ್ಯಾಂಡ್ಸ್‌ನ ಕೆಲವು ನಿದರ್ಶನಗಳ ಮೂಲಕ ಈ ಅಂಶವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಪರ್ಧೆಯ ಸ್ವರೂಪ ಮತ್ತು ಅದರ ಮಿತಿ

ವಾಸ್ತುವಿನ್ಯಾಸ ಸ್ಪರ್ಧೆಗಳು ಸ್ಥೂಲವಾಗಿ ಎರಡು ಬಗೆಯವು. ಅರ್ಹತೆಯುಳ್ಳ ಯಾರು ಬೇಕಾದರೂ ಭಾಗವಹಿಸಬಹುದಾದ ಮುಕ್ತ ಸ್ಪರ್ಧೆ ಒಂದು. ಹಿಂದಿನ ಕೆಲಸಗಳನ್ನು ನೋಡಿ ಕೆಲವೇ ತಂಡಗಳನ್ನು ಆಯ್ದು, ಅವುಗಳಿಂದ ಮಾತ್ರ ವಿನ್ಯಾಸ ಕೇಳುವ ಸೀಮಿತ ಸ್ಪರ್ಧೆ ಇನ್ನೊಂದು. ಮೊದಲನೆಯದು ಹೆಸರಿಲ್ಲದ ಯುವಕರಿಗೂ ಬಾಗಿಲು ತೆರೆಯುತ್ತದೆ, ಆದರೆ ನೂರಾರು ಜನರ ಶ್ರಮ ಪ್ರತಿಫಲವಿಲ್ಲದೆ ಹೋಗುತ್ತದೆ. ಎರಡನೆಯದರಲ್ಲಿ ತಂಡಗಳಿಗೆ ಸಂಭಾವನೆ ಕೊಡಲು ಸಾಧ್ಯ. ಫ್ರಾನ್ಸಿನ ಸಾರ್ವಜನಿಕ ಕಾಮಗಾರಿಗಳ ನಿಯಮಗಳ ಪ್ರಕಾರ, ಹೀಗೆ ಆಯ್ಕೆಯಾದ ಪ್ರತಿ ತಂಡಕ್ಕೂ ಅದು ಮಾಡಿದ ಕೆಲಸದ ಅಂದಾಜು ಮೌಲ್ಯದ ಕನಿಷ್ಠ ಶೇಕಡ 80ರಷ್ಟನ್ನು ಸಲ್ಲಿಸಬೇಕು.

ಎರಡೂ ಬಗೆಗಳಿಗೆ ಸಾಮಾನ್ಯವಾದ ಮೂರು ಅಂಗಗಳಿವೆ. ಮೊದಲನೆಯದು ವಾಸ್ತುಶಿಲ್ಪಿಗಳು ‘ಬ್ರೀಫ್’ ಎಂದು ಕರೆಯುವ ಬೇಡಿಕೆಪತ್ರ; ಎಷ್ಟು ಮನೆ, ಯಾರಿಗಾಗಿ, ಎಷ್ಟು ವೆಚ್ಚದಲ್ಲಿ, ಯಾವ ನಿರ್ಬಂಧಗಳೊಳಗೆ ಎಂಬುದನ್ನು ಅದು ವಿವರಿಸುತ್ತದೆ. ಎರಡನೆಯದು ತೀರ್ಪುಗಾರರ ಮಂಡಳಿ. ಮೂರನೆಯದು ಅನಾಮಧೇಯತೆ, ಅಂದರೆ ಯಾವ ನಕ್ಷೆ ಯಾರದೆಂದು ತೀರ್ಪುಗಾರರಿಗೆ ತಿಳಿಯದಿರುವುದು. 1956ರಲ್ಲಿ ನವದೆಹಲಿಯಲ್ಲಿ ಸೇರಿದ್ದ ಯುನೆಸ್ಕೋ ಮಹಾಧಿವೇಶನವು ವಾಸ್ತುಶಿಲ್ಪ ಮತ್ತು ನಗರಯೋಜನೆಯ ಅಂತರರಾಷ್ಟ್ರೀಯ ಸ್ಪರ್ಧೆಗಳನ್ನು ಕುರಿತು ಅಂಗೀಕರಿಸಿದ ಶಿಫಾರಸಿನಲ್ಲಿ ಅನಾಮಧೇಯತೆಗೂ ತಜ್ಞ ತೀರ್ಪುಗಾರರಿಗೂ ಮುಖ್ಯ ಸ್ಥಾನವಿದೆ.

ಖಾಲಿ ನಿವೇಶನದಲ್ಲಿ ಕಟ್ಟುವಾಗ ಈ ನಿಯಮಗಳು ನ್ಯಾಯವನ್ನು ಕಾಪಾಡುತ್ತವೆ. ಜನವಸತಿಯಿರುವ ಸಮುಚ್ಚಯದಲ್ಲಿ ಅವೇ ಒಂದು ತೊಡಕನ್ನೂ ತರುತ್ತವೆ. ಹೆಸರು ಮರೆಮಾಡಿಕೊಂಡಿರಬೇಕಾದ ವಿನ್ಯಾಸಕಾರನು ನಿವಾಸಿಗಳ ಜೊತೆ ಕುಳಿತು ಮಾತನಾಡಲು ಸಾಧ್ಯವಾಗುವುದಿಲ್ಲ. ಯಾವ ಮನೆಯ ಗೋಡೆ ಒಸರುತ್ತದೆ, ಮಕ್ಕಳು ಎಲ್ಲಿ ಆಡುತ್ತಾರೆ, ವೃದ್ಧರು ಯಾವ ಮೆಟ್ಟಿಲಿಗೆ ಹೆದರುತ್ತಾರೆ ಎಂಬ ಅನುಭವಜ್ಞಾನವು ಅವನನ್ನು ತಲುಪಬೇಕಾದರೆ ಬೇಡಿಕೆಪತ್ರದ ಮೂಲಕವೇ ತಲುಪಬೇಕು. ಅಲ್ಲಿ ಅದು ಇಲ್ಲದಿದ್ದರೆ ಗೆದ್ದ ವಿನ್ಯಾಸದಲ್ಲಿಯೂ ಅದು ಇರುವ ಸಂಭವ ಕಡಿಮೆ.

ಸ್ಪರ್ಧೆಯಿಂದ ಹುಟ್ಟಿದ ಸಮುಚ್ಚಯ: ಗೋಲ್ಡನ್ ಲೇನ್

ಯುದ್ಧೋತ್ತರ ವಸತಿಯ ಚರಿತ್ರೆಯಲ್ಲಿ ಸ್ಪರ್ಧೆಯ ಪಾತ್ರ ಮೊದಲಿನಿಂದಲೂ ದೊಡ್ಡದು. ಲಂಡನ್ ನಗರದ ಮಧ್ಯದಲ್ಲಿ ಬಾಂಬ್ ದಾಳಿಗೆ ತುತ್ತಾಗಿದ್ದ ಗೋಲ್ಡನ್ ಲೇನ್ ನಿವೇಶನಕ್ಕಾಗಿ ಸಿಟಿ ಆಫ್ ಲಂಡನ್ ಕಾರ್ಪೊರೇಷನ್ ನಡೆಸಿದ ಮುಕ್ತ ಸ್ಪರ್ಧೆಗೆ 170ಕ್ಕೂ ಹೆಚ್ಚು ವಿನ್ಯಾಸಗಳು ಬಂದವು. 1952ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಜೆಫ್ರಿ ಪೊವೆಲ್ ಗೆದ್ದರು. ಪೊವೆಲ್, ಪೀಟರ್ ಚೇಂಬರ್ಲಿನ್ ಮತ್ತು ಕ್ರಿಸ್ಟೋಫ್ ಬಾನ್ ಮೂವರೂ ಕಿಂಗ್‌ಸ್ಟನ್ ಕಲಾಶಾಲೆಯ ಅಧ್ಯಾಪಕರಾಗಿದ್ದವರು. ತಮ್ಮಲ್ಲಿ ಯಾರು ಗೆದ್ದರೂ ಕೆಲಸವನ್ನು ಮೂವರೂ ಕೂಡಿ ಮಾಡಬೇಕೆಂದು ಮೊದಲೇ ಒಪ್ಪಂದ ಮಾಡಿಕೊಂಡಿದ್ದ ಅವರು ‘ಚೇಂಬರ್ಲಿನ್, ಪೊವೆಲ್ ಮತ್ತು ಬಾನ್’ ಸಂಸ್ಥೆಯನ್ನು ಕಟ್ಟಿದರು. ಮುಂದೆ ನೆರೆಯ ಬಾರ್ಬಿಕನ್ ಸಮುಚ್ಚಯವನ್ನು ರೂಪಿಸಿದ್ದೂ ಇದೇ ಸಂಸ್ಥೆ. 1962ರ ವೇಳೆಗೆ ಪೂರ್ಣಗೊಂಡ ಗೋಲ್ಡನ್ ಲೇನ್ 1997ರಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿತು.

ಈ ಸ್ಪರ್ಧೆಯಲ್ಲಿ ಸೋತ ವಿನ್ಯಾಸವೊಂದು ಗೆದ್ದದ್ದರಷ್ಟೇ ದೂರ ಸಾಗಿತು. ಆಲಿಸನ್ ಮತ್ತು ಪೀಟರ್ ಸ್ಮಿತ್ಸನ್ ದಂಪತಿ ಸಲ್ಲಿಸಿದ್ದ ನಕ್ಷೆಯಲ್ಲಿ ಮನೆಗಳ ಮುಂದೆ ಅಗಲವಾದ, ತೆರೆದ ಮೇಲುಹಾದಿಗಳಿದ್ದವು. ನೆಲದ ಮೇಲಿನ ಬೀದಿಯ ಒಡನಾಟವನ್ನು ಎತ್ತರದಲ್ಲಿಯೂ ಸಾಧಿಸಬೇಕೆಂಬುದು ಅದರ ಆಶಯ. ಆಗ ಬಹುಮಾನ ಸಿಗದ ಈ ‘ಗಗನಬೀದಿ’ಯ ಕಲ್ಪನೆಯೇ ಶೆಫೀಲ್ಡಿನ ಪಾರ್ಕ್ ಹಿಲ್ ಸಮುಚ್ಚಯದಲ್ಲಿ 1961ರ ವೇಳೆಗೆ ಕಟ್ಟಡವಾಯಿತು, 1972ರಲ್ಲಿ ಪೂರ್ವ ಲಂಡನ್ನಿನ ರಾಬಿನ್ ಹುಡ್ ಗಾರ್ಡನ್ಸ್‌ನಲ್ಲಿ ಸ್ಮಿತ್ಸನ್ ದಂಪತಿಯ ಕೈಯಿಂದಲೇ ರೂಪ ಪಡೆಯಿತು. ಒಂದೇ ಕಲ್ಪನೆಯ ಈ ಎರಡು ಸಮುಚ್ಚಯಗಳ ನಂತರದ ಗತಿ ಬೇರೆಬೇರೆಯಾದುದು ಪುನರುಜ್ಜೀವನದ ಚರ್ಚೆಗೆ ಮುಖ್ಯವಾದ ಆಧಾರ.

ಪ್ರಶ್ನೆ ಮುಚ್ಚಿಹೋದಾಗ: ರಾಬಿನ್ ಹುಡ್ ಗಾರ್ಡನ್ಸ್

ಪಾಪ್ಲರ್ ಬಡಾವಣೆಯ ರಾಬಿನ್ ಹುಡ್ ಗಾರ್ಡನ್ಸ್‌ನಲ್ಲಿ ಎರಡು ಉದ್ದನೆಯ ಕಾಂಕ್ರೀಟ್ ಕಟ್ಟಡಗಳೂ ಅವುಗಳ ನಡುವೆ ಹಸಿರು ದಿಬ್ಬವುಳ್ಳ ಬಯಲೂ ಇದ್ದವು. ಒಟ್ಟು 213 ಮನೆಗಳು. ನಿರ್ವಹಣೆಯ ಕೊರತೆಯಿಂದ ಕಟ್ಟಡಗಳು ಕಳೆಗುಂದಿದವು. 2008ರಲ್ಲಿ ಇವನ್ನು ಪಾರಂಪರಿಕ ಪಟ್ಟಿಗೆ ಸೇರಿಸಬೇಕೆಂದು ‘ಬಿಲ್ಡಿಂಗ್ ಡಿಸೈನ್’ ಪತ್ರಿಕೆ ಚಳವಳಿ ನಡೆಸಿತು. ರಿಚರ್ಡ್ ರೋಜರ್ಸ್, ಜಹಾ ಹದೀದ್ ಮೊದಲಾದ ಖ್ಯಾತ ವಾಸ್ತುಶಿಲ್ಪಿಗಳು ಅದನ್ನು ಬೆಂಬಲಿಸಿದರು. ಸರ್ಕಾರ ಒಪ್ಪಲಿಲ್ಲ. ಆ ಜಾಗವನ್ನೂ ಸುತ್ತಲಿನ ಪ್ರದೇಶವನ್ನೂ ಸೇರಿಸಿ 1,500ಕ್ಕೂ ಹೆಚ್ಚು ಮನೆಗಳ ಹೊಸ ಯೋಜನೆ ಸಿದ್ಧವಾಯಿತು. ಪಶ್ಚಿಮದ ಕಟ್ಟಡವನ್ನು ಕೆಡವುವ ಕೆಲಸ 2017ರಲ್ಲಿ ಆರಂಭವಾಯಿತು. ಪೂರ್ವದ ಕಟ್ಟಡವೂ ಕೆಲವು ವರ್ಷಗಳ ಬಳಿಕ ಇಲ್ಲವಾಯಿತು. ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವು ಮೂರು ಅಂತಸ್ತು ಎತ್ತರದ ಒಂದು ತುಂಡನ್ನು ಸಂಗ್ರಹಿಸಿ, 2018ರ ವೆನಿಸ್ ವಾಸ್ತುಶಿಲ್ಪ ದ್ವೈವಾರ್ಷಿಕದಲ್ಲಿ ಅದರ ಭಾಗಗಳನ್ನು ಪ್ರದರ್ಶಿಸಿತು. ಜನರ ಮನೆಯಾಗಿ ಉಳಿಯದ ಕಟ್ಟಡ ಸಂಗ್ರಹಾಲಯದ ವಸ್ತುವಾಗಿ ಉಳಿಯಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ನಿವಾಸಿಗಳ ಅಭಿಪ್ರಾಯ ಸಂಗ್ರಹ. ಬಹುಪಾಲು ನಿವಾಸಿಗಳು ಕೆಡವುವುದರ ಪರವಾಗಿದ್ದಾರೆಂದು ಸ್ಥಳೀಯ ಆಡಳಿತ ಹೇಳಿತು. ನಿವಾಸಿಯೊಬ್ಬರು ಸ್ವತಃ ಮನೆಮನೆಗೆ ಹೋಗಿ ಕೇಳಿದಾಗ ಬಹುಪಾಲು ಜನ ದುರಸ್ತಿಯನ್ನೇ ಬಯಸಿದರೆಂಬ ವರದಿಯೂ ಬಂದಿತು. ಒಂದೇ ಸಮುಚ್ಚಯದಿಂದ ಎರಡು ವಿರುದ್ಧ ಉತ್ತರಗಳು ಬಂದುದಕ್ಕೆ ಪ್ರಶ್ನೆಯ ಸ್ವರೂಪವನ್ನು ಬಿಟ್ಟು ವಿವರಣೆ ಹುಡುಕುವುದು ಕಷ್ಟ. ಪಾಳುಬಿದ್ದ ಇಂದಿನ ಮನೆ ಬೇಕೆ, ಹೊಸ ಮನೆ ಬೇಕೆ ಎಂದು ಕೇಳಿದರೆ ಬರುವ ಉತ್ತರ ಒಂದು. ಇದೇ ಮನೆಯನ್ನು ಸರಿಪಡಿಸಿಕೊಟ್ಟರೆ ಒಪ್ಪುವಿರಾ ಎಂದು ಕೇಳಿದರೆ ಬರುವುದು ಇನ್ನೊಂದು. ಸರಿಪಡಿಸಿದ ಮನೆ ಹೇಗಿದ್ದೀತು ಎಂಬುದನ್ನು ವಿನ್ಯಾಸದ ಮೂಲಕ ಜನರ ಕಣ್ಣ ಮುಂದಿಡುವ ಸ್ಪರ್ಧೆಯೊಂದು ತೀರ್ಮಾನಕ್ಕೆ ಮೊದಲು ನಡೆದಿದ್ದರೆ ಆಯ್ಕೆಯಾದರೂ ನಿಜವಾದ ಆಯ್ಕೆಯಾಗುತ್ತಿತ್ತು.

ಕಟ್ಟಡ ಉಳಿದು ಜನ ಬದಲಾದಾಗ: ಪಾರ್ಕ್ ಹಿಲ್

ಶೆಫೀಲ್ಡಿನ ಪಾರ್ಕ್ ಹಿಲ್ ಇದಕ್ಕೆ ಎದುರಾದ ನಿದರ್ಶನ. ನಗರ ವಾಸ್ತುಶಿಲ್ಪಿ ಲೂಯಿಸ್ ವೊಮರ್ಸ್ಲಿ ಅವರ ಕೈಕೆಳಗೆ ಜ್ಯಾಕ್ ಲಿನ್ ಮತ್ತು ಐವರ್ ಸ್ಮಿತ್ ರೂಪಿಸಿದ ಈ ಸಮುಚ್ಚಯದಲ್ಲಿ ಸುಮಾರು ಸಾವಿರ ಮನೆಗಳಿದ್ದವು. ಹಾಲಿನ ಗಾಡಿ ಓಡಾಡುವಷ್ಟು ಅಗಲವಾದ ಮೇಲುಹಾದಿಗಳಿಗೆ ಇದು ಹೆಸರಾಗಿತ್ತು. ಉಕ್ಕಿನ ಉದ್ಯಮ ಕುಸಿದಂತೆ ಇದರ ಸ್ಥಿತಿಯೂ ಕುಸಿಯಿತು. 1998ರಲ್ಲಿ ಇದು ಎರಡನೆಯ ದರ್ಜೆಯ ವಿಶೇಷ ವರ್ಗದ ಪಾರಂಪರಿಕ ಕಟ್ಟಡವೆಂದು ಘೋಷಿತವಾದುದರಿಂದ ಕೆಡವುವ ಮಾತು ಉಳಿಯಲಿಲ್ಲ. ನಗರಾಡಳಿತವು ಅರ್ಬನ್ ಸ್ಪ್ಲಾಶ್ ಎಂಬ ಖಾಸಗಿ ಸಂಸ್ಥೆಯೊಡನೆ ಸೇರಿ ಪುನರುಜ್ಜೀವನ ಕೈಗೊಂಡಿತು. ಮೊದಲ ಹಂತದಲ್ಲಿ ಹಾಕಿನ್ಸ್ ಬ್ರೌನ್ ಮತ್ತು ಸ್ಟುಡಿಯೊ ಎಗ್ರೆಟ್ ವೆಸ್ಟ್ ವಾಸ್ತುಶಿಲ್ಪಿಗಳು ಕಾಂಕ್ರೀಟ್ ಚೌಕಟ್ಟನ್ನು ಮಾತ್ರ ಉಳಿಸಿಕೊಂಡು, ಇಟ್ಟಿಗೆಯ ಗೋಡೆಗಳ ಜಾಗದಲ್ಲಿ ಗಾಜನ್ನೂ ಬಣ್ಣದ ಅಲ್ಯೂಮಿನಿಯಂ ಫಲಕಗಳನ್ನೂ ಕೂಡಿಸಿದರು. ಈ ಹಂತ 2013ರಲ್ಲಿ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಮೂಲ ಸ್ವರೂಪಕ್ಕೆ ಹೆಚ್ಚು ನಿಷ್ಠವಾಗಿ ಮೈಕೇಲ್ ರಿಚಸ್ ಸಂಸ್ಥೆ ನಡೆಸಿದ ಎರಡನೆಯ ಹಂತವೂ 2024ರಲ್ಲಿ ಅದೇ ಪಟ್ಟಿಗೆ ಬಂದಿತು.

ವಾಸ್ತುಶಿಲ್ಪದ ದೃಷ್ಟಿಯಿಂದ ಇದು ಗೌರವಾರ್ಹ ಸಾಧನೆ. ಆದರೆ ಕಾಮಗಾರಿಗಾಗಿ ಹಳೆಯ ನಿವಾಸಿಗಳನ್ನು ಬೇರೆಡೆಗೆ ಕಳುಹಿಸಲಾಯಿತು. ಹೊಸದಾಗಿ ಸಿದ್ಧವಾದ ಮನೆಗಳಲ್ಲಿ ಬಹುಪಾಲು ಮಾರಾಟದ ಮನೆಗಳಾದವು. ಪಾರಂಪರಿಕ ಪಟ್ಟಿಯು ರಕ್ಷಿಸಿದ್ದು ಕಟ್ಟಡವನ್ನು. ಅಲ್ಲಿ ಬಾಳಿದ್ದ ಬಾಡಿಗೆದಾರರ ಸಮುದಾಯಕ್ಕೆ ಅದರಲ್ಲಿ ರಕ್ಷಣೆಯಿರಲಿಲ್ಲ. ರಾಬಿನ್ ಹುಡ್ ಗಾರ್ಡನ್ಸ್‌ನಲ್ಲಿ ಕಟ್ಟಡವೂ ಉಳಿಯಲಿಲ್ಲ, ಪಾರ್ಕ್ ಹಿಲ್‌ನಲ್ಲಿ ಕಟ್ಟಡ ಮಾತ್ರ ಉಳಿಯಿತು. ಕಟ್ಟಡವನ್ನೂ ನಿವಾಸಿಗಳನ್ನೂ ಒಟ್ಟಿಗೆ ಉಳಿಸುವುದು ಸಾಧ್ಯವೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಪ್ಯಾರಿಸ್ಸಿನಲ್ಲಿ.

ಬ್ವಾ ಲ ಪ್ರೆತ್ರ್ ಗೋಪುರ ಮತ್ತು 2005ರ ಸ್ಪರ್ಧೆ

ಪ್ಯಾರಿಸ್ಸಿನ ಉತ್ತರ ಅಂಚಿನಲ್ಲಿ, ನಗರವನ್ನು ಸುತ್ತುವರಿದ ವರ್ತುಲ ಹೆದ್ದಾರಿಯ ಪಕ್ಕದಲ್ಲಿ, ವಾಸ್ತುಶಿಲ್ಪಿ ರೇಮೊಂ ಲೊಪೆಜ್ 1960ರ ದಶಕದ ಆರಂಭದಲ್ಲಿ ಬ್ವಾ ಲ ಪ್ರೆತ್ರ್ ವಸತಿ ಗೋಪುರವನ್ನು ಕಟ್ಟಿದರು. ಸುಮಾರು 50 ಮೀಟರ್ ಎತ್ತರ, 16 ಅಂತಸ್ತು, 96 ಮನೆಗಳು. ಮುಂದೆ ನಡೆದ ನವೀಕರಣವೊಂದರಲ್ಲಿ ಶಾಖ ತಡೆಯಲೆಂದು ಹೊರಮೈಗೆ ಫಲಕಗಳನ್ನು ಹೊದಿಸಿ ಕಿಟಕಿಗಳನ್ನು ಕಿರಿದುಗೊಳಿಸಿದ್ದರಿಂದ ಮನೆಯೊಳಗಿನ ಬೆಳಕೂ ನೋಟವೂ ಕುಗ್ಗಿದ್ದವು. 2000ದ ದಶಕದ ಆರಂಭದಲ್ಲಿ ಗೋಪುರವನ್ನು ಕೆಡವುವ ವಿಚಾರ ಬಂದಿತು. ಅಂದಿನ ರಾಷ್ಟ್ರೀಯ ನೀತಿಯೂ ಆ ದಿಕ್ಕಿನಲ್ಲೇ ಇತ್ತು: 2003ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಕಾನೂನು ಫ್ರಾನ್ಸಿನಾದ್ಯಂತ 2,00,000 ಮನೆಗಳನ್ನು ಕೆಡವಿ, ಅಷ್ಟೇ ಸಂಖ್ಯೆಯ ಹೊಸ ಮನೆಗಳನ್ನು ಕಟ್ಟುವ, ಇನ್ನಷ್ಟೇ ಮನೆಗಳನ್ನು ನವೀಕರಿಸುವ ಗುರಿಯನ್ನಿಟ್ಟುಕೊಂಡಿತ್ತು.

ಈ ನೀತಿಗೆ ಪ್ರತಿಯಾಗಿ ಫ್ರೆಡೆರಿಕ್ ದ್ರುಓ, ಆನ್ ಲಕಾತೊಂ ಮತ್ತು ಜಾಂ ಫಿಲಿಪ್ ವಸಾಲ್ 2004ರಲ್ಲಿ ‘ಪ್ಲುಸ್’ ಎಂಬ ಅಧ್ಯಯನವನ್ನು ಫ್ರೆಂಚ್ ಸಂಸ್ಕೃತಿ ಸಚಿವಾಲಯಕ್ಕೆ ಒಪ್ಪಿಸಿದ್ದರು. ‘ಹೆಚ್ಚು’ ಎಂಬುದು ಆ ಪದದ ಅರ್ಥ. ಇರುವುದನ್ನು ಕಳೆಯದೆ, ಅದಕ್ಕೆ ಸೇರಿಸುತ್ತ ಹೋಗಬೇಕು; ಒಂದು ಮನೆಯನ್ನು ಕೆಡವಿ ಕಟ್ಟುವ ಹಣದಲ್ಲಿ ಹಲವು ಮನೆಗಳನ್ನು ಹಿಗ್ಗಿಸಿ ಉತ್ತಮಪಡಿಸಬಹುದು ಎಂಬುದು ಅವರ ವಾದ. 2005ರಲ್ಲಿ ಪ್ಯಾರಿಸ್ಸಿನ ಸಾರ್ವಜನಿಕ ವಸತಿ ಸಂಸ್ಥೆಯು ಗೋಪುರವನ್ನು ಕೆಡವುವುದರ ಬದಲು ಅದರ ರೂಪಾಂತರಕ್ಕಾಗಿ ಸ್ಪರ್ಧೆ ನಡೆಸಿದಾಗ ಈ ಮೂವರ ತಂಡವೇ ಗೆದ್ದಿತು. ಫ್ರಾನ್ಸಿನ ಸಾರ್ವಜನಿಕ ಕಾಮಗಾರಿಗಳ ನಿಯಮಗಳು ಹಳೆಯ ಕಟ್ಟಡದ ನವೀಕರಣಕ್ಕೆ ಸ್ಪರ್ಧೆಯನ್ನು ಕಡ್ಡಾಯಗೊಳಿಸಿಲ್ಲ. ಹೀಗಿದ್ದೂ ನವೀಕರಣವನ್ನು ಬರಿಯ ದುರಸ್ತಿಯೆಂದು ಕಾಣದೆ ವಿನ್ಯಾಸದ ಪ್ರಶ್ನೆಯಾಗಿ ಮುಂದಿಟ್ಟದ್ದು ಈ ಸ್ಪರ್ಧೆಯ ವೈಶಿಷ್ಟ್ಯ.

ಗೆದ್ದ ವಿನ್ಯಾಸದ ತಂತ್ರ ಸರಳವಾದುದು. ಹಳೆಯ ಹೊರಗೋಡೆಯ ಆಚೆ, ಗೋಪುರದ ಸುತ್ತ, ತನ್ನ ಭಾರವನ್ನು ತಾನೇ ಹೊರುವ ಹೊಸ ಚೌಕಟ್ಟನ್ನು ನಿಲ್ಲಿಸಲಾಯಿತು. ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಭಾಗಗಳನ್ನು ಕ್ರೇನಿನಿಂದ ಎತ್ತಿ ಒಂದರ ಮೇಲೊಂದು ಜೋಡಿಸಲಾಯಿತು. ಬಳಿಕ ಹಳೆಯ ಗೋಡೆಯನ್ನು ತೆಗೆದು ಅಲ್ಲಿ ದೊಡ್ಡ ಜಾರುಬಾಗಿಲುಗಳನ್ನು ಕೂಡಿಸಲಾಯಿತು. ಹೀಗೆ ಪ್ರತಿ ಮನೆಗೆ ಸುಮಾರು 3 ಮೀಟರ್ ಆಳದ ಹೊಸ ಜಾಗ ದೊರೆಯಿತು: 2 ಮೀಟರಿನಷ್ಟು ಗಾಜಿನ ಜಗಲಿ, ಅದರಾಚೆ 1 ಮೀಟರಿನ ಬಾಲ್ಕನಿ. ‘ವಿಂಟರ್ ಗಾರ್ಡನ್’ ಎಂದು ಕರೆಯಲಾಗುವ ಈ ಗಾಜಿನ ಜಗಲಿ ಚಳಿಗಾಲದಲ್ಲಿ ಬಿಸಿಲಿನ ಶಾಖವನ್ನು ಹಿಡಿದಿಟ್ಟುಕೊಂಡು ಒಳಕೋಣೆಗಳಿಗೆ ಬೆಚ್ಚನೆಯ ಹೊದಿಕೆಯಾಗುತ್ತದೆ, ಬೇಸಿಗೆಯಲ್ಲಿ ಅದನ್ನು ಪೂರ್ತಿ ತೆರೆದಿಡಬಹುದು. ಮನೆಯನ್ನು ಬೆಚ್ಚಗಿಡಲು ಬೇಕಾಗುವ ಇಂಧನ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಗೋಪುರದ ಒಟ್ಟು ವಿಸ್ತೀರ್ಣ ಸುಮಾರು 8,900 ಚದರ ಮೀಟರಿನಿಂದ 12,460 ಚದರ ಮೀಟರಿಗೆ ಏರಿತು. ನೆಲಮಟ್ಟದ ಕತ್ತಲೆಯ ಮೊಗಸಾಲೆ ಬೆಳಕುಳ್ಳ ತೆರೆದ ಜಾಗವಾಯಿತು.

ಕಾಮಗಾರಿ ನಡೆದಷ್ಟು ಕಾಲವೂ ನಿವಾಸಿಗಳು ಗೋಪುರದಲ್ಲೇ ಉಳಿದರು. ಕುಟುಂಬದ ಗಾತ್ರ ಬದಲಾದವರು ಗೋಪುರದೊಳಗೇ ಬೇರೆ ಮನೆಗೆ ಸೇರಲು ಅವಕಾಶವಿತ್ತು. ಬದಲಾವಣೆಯ ವಿವರಗಳನ್ನು ಅವರೊಡನೆ ಚರ್ಚಿಸಲಾಯಿತು. 2011ರಲ್ಲಿ ಕೆಲಸ ಮುಗಿದಾಗ, ಕೆಡವಿ ಕಟ್ಟುವುದಕ್ಕೆ ತಗಲುತ್ತಿದ್ದ ವೆಚ್ಚಕ್ಕಿಂತ ಬಹಳ ಕಡಿಮೆ ಹಣ ಖರ್ಚಾಗಿತ್ತು. ಅದೇ ವರ್ಷ ಈ ಯೋಜನೆಗೆ ಫ್ರಾನ್ಸಿನ ಪ್ರತಿಷ್ಠಿತ ‘ಎಕೆರ್ ದಾರ್ಜಾಂ’ ಪ್ರಶಸ್ತಿ ಸಂದಿತು. ‘ಪ್ಲುಸ್’ ಅಧ್ಯಯನದಲ್ಲಿ ಕಾಗದದ ಮೇಲಿದ್ದ ವಾದವನ್ನು ಜನರು ಒಳಗೆ ಹೋಗಿ ನೋಡಬಹುದಾದ ಕಟ್ಟಡವಾಗಿ ಪರಿವರ್ತಿಸಿದ್ದು ಒಂದು ಸ್ಪರ್ಧೆ.

ಇದರ ಪರಿಣಾಮ ಬೊರ್ದೊ ನಗರದ ಗ್ರಾಂ ಪಾರ್ಕ್ ಸಮುಚ್ಚಯದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಂಡಿತು. ಅಲ್ಲಿ ಲಕಾತೊಂ, ವಸಾಲ್ ಮತ್ತು ದ್ರುಓ ಅವರು ಕ್ರಿಸ್ತೋಫ್ ಉತಾಂ ಅವರೊಡನೆ ಕೂಡಿ ಮೂರು ಕಟ್ಟಡಗಳ 530 ಮನೆಗಳನ್ನು ಇದೇ ವಿಧಾನದಿಂದ ಹಿಗ್ಗಿಸಿದರು. ಒಂದೊಂದು ಮನೆಯಲ್ಲಿ ಕೆಲಸಕ್ಕೆ ಹಿಡಿದದ್ದು ಸುಮಾರು 12ರಿಂದ 16 ದಿನ. ಆ ಯೋಜನೆಗೆ 2019ರಲ್ಲಿ ಯುರೋಪಿಯನ್ ಒಕ್ಕೂಟದ ಮೀಸ್ ವಾನ್ ಡೆರ್ ರೋ ಪ್ರಶಸ್ತಿ, 2021ರಲ್ಲಿ ಲಕಾತೊಂ ಮತ್ತು ವಸಾಲ್ ಅವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ದೊರೆತವು.

ಇನ್ನೊಂದು ಮಾದರಿ: ಕ್ಲೈಬರ್ಗ್

ಸ್ಪರ್ಧೆಯು ನಕ್ಷೆಗೆ ಮಾತ್ರ ಸೀಮಿತವಾಗಬೇಕಿಲ್ಲ ಎಂಬುದನ್ನು ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್‌ಮೇರ್ ಬಡಾವಣೆಯ ಕ್ಲೈಬರ್ಗ್ ಕಟ್ಟಡ ತೋರಿಸುತ್ತದೆ. ಸುಮಾರು 400 ಮೀಟರ್ ಉದ್ದದ, 500 ಮನೆಗಳ ಈ ಕಟ್ಟಡವನ್ನು ನವೀಕರಿಸಲು ತನ್ನಲ್ಲಿ ಹಣವಿಲ್ಲವೆಂದು ಕಂಡ ವಸತಿ ಸಂಸ್ಥೆಯು, ಕೆಡವುವ ಮೊದಲು, ಕಾರ್ಯಸಾಧ್ಯವಾದ ಯೋಜನೆ ತರುವವರಿಗೆ ಒಂದು ಯೂರೋಗೆ ಕಟ್ಟಡವನ್ನು ಕೊಡುವುದಾಗಿ ಪ್ರಕಟಿಸಿತು. ಅಲ್ಲಿ ಪರೀಕ್ಷೆಗೊಳಗಾದದ್ದು ವಿನ್ಯಾಸ, ಹಣಕಾಸು ಮತ್ತು ನಿರ್ವಹಣೆ ಮೂರೂ ಸೇರಿದ ಪ್ರಸ್ತಾವ. ಎನ್‌ಎಲ್ ಆರ್ಕಿಟೆಕ್ಟ್ಸ್ ಮತ್ತು ಎಕ್ಸ್‌ವಿಡಬ್ಲ್ಯು ವಾಸ್ತುಶಿಲ್ಪಿಗಳು ಪಾಲ್ಗೊಂಡಿದ್ದ ‘ದ ಫ್ಲಾಟ್’ ಕೂಟವು ಕಟ್ಟಡದ ಹೊರಮೈ, ಲಿಫ್ಟುಗಳು ಮತ್ತು ಸಾಮಾನ್ಯ ಹಾದಿಗಳನ್ನು ಮಾತ್ರ ಸರಿಪಡಿಸಿ, ಒಳಗಿನ ಮನೆಗಳನ್ನು ಖಾಲಿ ಚಿಪ್ಪಿನಂತೆ ಅಗ್ಗದ ಬೆಲೆಗೆ ಮಾರಿತು. ಅಡುಗೆಮನೆ, ಬಚ್ಚಲು, ಗೋಡೆಗಳನ್ನು ಕೊಂಡವರೇ ತಮ್ಮ ಶಕ್ತ್ಯಾನುಸಾರ ಮಾಡಿಕೊಂಡರು. 2017ರಲ್ಲಿ ಮೀಸ್ ವಾನ್ ಡೆರ್ ರೋ ಪ್ರಶಸ್ತಿ ಇದಕ್ಕೆ ಸಂದಿತು. ಕಟ್ಟಡ ಉಳಿದರೂ ಬಾಡಿಗೆದಾರರ ಜಾಗಕ್ಕೆ ಇಲ್ಲಿ ಮಾಲೀಕರು ಬಂದರು. ಬೇಡಿಕೆಪತ್ರದಲ್ಲಿ ಕೇಳಿದ್ದು ಕಟ್ಟಡವನ್ನು ಉಳಿಸುವ ದಾರಿಯನ್ನು, ದೊರೆತದ್ದೂ ಅದೇ.

ಸಮಾರೋಪ

ಮೇಲಿನ ನಿದರ್ಶನಗಳಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸ್ಪರ್ಧೆ ನಡೆಯಬೇಕಾದ ಕಾಲ. ಕೆಡವುವ ತೀರ್ಮಾನವಾದ ಮೇಲೆ ನಡೆಯುವ ಸ್ಪರ್ಧೆ ಹೊಸ ಕಟ್ಟಡದ ರೂಪವನ್ನು ಆರಿಸಬಲ್ಲುದೇ ಹೊರತು ಹಳೆಯದರ ಸಾಧ್ಯತೆಯನ್ನು ಪರೀಕ್ಷಿಸಲಾರದು. ಸುಸ್ಥಿತಿಯಲ್ಲಿರುವ ಕಾಂಕ್ರೀಟ್ ಚೌಕಟ್ಟನ್ನು ಒಡೆಯುವುದೆಂದರೆ ಅದನ್ನು ಕಟ್ಟಲು ವ್ಯಯವಾದ ಶಕ್ತಿಯನ್ನೂ ಸಾಮಗ್ರಿಯನ್ನೂ ಎಸೆಯುವುದೆಂಬ ಅರಿವು ಬೆಳೆದಿರುವ ಈ ದಿನಗಳಲ್ಲಿ ಈ ಅಂಶಕ್ಕೆ ಹೆಚ್ಚಿನ ಮಹತ್ವವಿದೆ.

ಎರಡನೆಯದಾಗಿ, ಬೇಡಿಕೆಪತ್ರದ ರಚನೆ. ನಿವಾಸಿಗಳು ಸ್ಥಳದಲ್ಲೇ ಉಳಿಯಬೇಕು, ಬಾಡಿಗೆಯ ಸ್ವರೂಪ ಬದಲಾಗಬಾರದು ಎಂಬ ಮಾತುಗಳು ಅಲ್ಲಿ ನಿಯಮಗಳಾಗಿ ಇದ್ದರೆ ಪ್ರತಿ ಸ್ಪರ್ಧಿಯೂ ಅವುಗಳಿಗೆ ತಾಂತ್ರಿಕ ಉತ್ತರ ಹುಡುಕಲೇಬೇಕಾಗುತ್ತದೆ. ಬ್ವಾ ಲ ಪ್ರೆತ್ರ್‌ನಲ್ಲಿ ಹೊರಗಿನಿಂದ ಚೌಕಟ್ಟು ಜೋಡಿಸುವ ವಿಧಾನ ಉಪಯೋಗಕ್ಕೆ ಬಂದದ್ದು ಜನರನ್ನು ಒಕ್ಕಲೆಬ್ಬಿಸದೆ ಕೆಲಸ ನಡೆಸಬೇಕಾಗಿದ್ದುದರಿಂದಲೇ. ಅನಾಮಧೇಯತೆಯ ನಿಯಮವನ್ನು ಪಾಲಿಸುತ್ತಲೇ ನಿವಾಸಿಗಳ ಅನುಭವವನ್ನು ಮೊದಲೇ ದಾಖಲಿಸಿ ಬೇಡಿಕೆಪತ್ರಕ್ಕೆ ಸೇರಿಸುವುದು, ಅವರ ಪ್ರತಿನಿಧಿಗಳಿಗೆ ತೀರ್ಪುಗಾರರ ಮಂಡಳಿಯಲ್ಲಿ ಸ್ಥಾನ ಕೊಡುವುದು ಅಸಾಧ್ಯವಾದ ಕೆಲಸವೇನಲ್ಲ.

ಮೂರನೆಯದಾಗಿ, ಪಾರಂಪರಿಕತೆಯ ಅರ್ಥ. ವಸತಿ ಸಮುಚ್ಚಯವೊಂದರ ಇತಿಹಾಸವೆಂದರೆ ಅದರ ಹೊರಮೈಯ ಇತಿಹಾಸ ಮಾತ್ರವಲ್ಲ. ಕಡಿಮೆ ಆದಾಯದ ಕುಟುಂಬಗಳಿಗೆ ಒಳ್ಳೆಯ ಮನೆ ಕೊಡಬೇಕೆಂಬ ಮೂಲ ಸಂಕಲ್ಪವೂ ಆ ಇತಿಹಾಸದ ಭಾಗ. ಗೋಪುರದ ಹೊರರೂಪವನ್ನು ಸಂಪೂರ್ಣವಾಗಿ ಬದಲಿಸಿದ ಪ್ಯಾರಿಸ್ಸಿನ ಯೋಜನೆ ಆ ಸಂಕಲ್ಪಕ್ಕೆ ನಿಷ್ಠವಾಗಿ ಉಳಿಯಿತು. ಹೊರರೂಪವನ್ನು ರಕ್ಷಿಸಿದ ಕಡೆಗಳಲ್ಲೆಲ್ಲ ಈ ನಿಷ್ಠೆ ಉಳಿಯಿತೆಂದು ಹೇಳಲಾಗದು. ಹಳೆಯ ಸಮುಚ್ಚಯವೊಂದಕ್ಕೆ ವಿನ್ಯಾಸ ಸ್ಪರ್ಧೆಯನ್ನು ಏರ್ಪಡಿಸುವ ಸಂಸ್ಥೆಗಳು ನಕ್ಷೆಗಳನ್ನು ಆಹ್ವಾನಿಸುವ ಮೊದಲು ತಾವು ಉಳಿಸಬಯಸುವುದು ಯಾವುದನ್ನು ಎಂಬುದನ್ನು ಬರೆದು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ವಾಸ್ತುಶಿಲ್ಪಿಗಳು ಉತ್ತರಿಸುವುದು ಆ ಬರಹಕ್ಕೆ. ಅದರ ಫಲವನ್ನು ಮುಂದಿನ ಅರ್ಧ ಶತಮಾನ ಅನುಭವಿಸುವವರು ಅಲ್ಲಿ ಬಾಳುವವರು.